ಕಟ್ಟೆ ಇದ್ದರೆ ಬಾವಿ

ಗೆರೆ ಅಕ್ಕ ಉದ್ದದ ಗೆರೆ ಎಳೆಯುವಾಗ ಉಸಿರು ಬಿಡುತ್ತಿರಲಿಲ್ಲ. ಲೇಖನಿಯ ಮೊನೆ ಹಾಳೆಗೆ ತಾಗಿದರೆ ಮುಗಿಯಿತು, ಅದು ಮತ್ತೆ ಮೇಲೇಳುವವರೆಗೆ ಆಕೆಯ ಎದೆ ಅಲುಗುತ್ತಿರಲಿಲ್ಲ. "ಅಕ್ಕ ನಡುವೆ ಕೆಮ್ಮಿದರೆ ನದಿ ಪಕ್ಕದ ತಾಲೂಕಿಗೆ ಹೋಗಿಬಿಡುತ್ತೆ" ಎಂದು ಕಚೇರಿಯ ಗುಮಾಸ್ತರು ನಗುತ್ತಿದ್ದರು. ಆಕೆಗೂ ನಗು ಬರುತ್ತಿತ್ತು, ಆದರೆ ಗೆರೆ ಮುಗಿದ ಮೇಲೆ.

ಯೋಜನಾ ಕಚೇರಿಯ ನಕ್ಷೆ ಕೋಣೆಯಲ್ಲಿ ಆಕೆಗೆ ಮೂವತ್ತೊಂದು ವರ್ಷ ಕಳೆದಿತ್ತು. ಕಿಟಕಿಯ ಪಕ್ಕ ಓರೆಯಾಗಿ ನಿಲ್ಲಿಸಿದ ದೊಡ್ಡ ಮೇಜು, ಕಾಲು ನೆಲಕ್ಕೆ ಎಟುಕದ ಸ್ಟೂಲು, ಮೊನೆ ಒರೆಸಲು ಒಂದು ಹಳೆಯ ಬಟ್ಟೆ. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದವರಿಗೆ, "ಸ್ಕೇಲಿಗೆ ಸರಿಯಾಗಿ ಯಾರೂ ಸಿಗಲಿಲ್ಲ" ಎಂದು ಒಮ್ಮೆ ಹೇಳಿದ್ದಳು. ಅದೇ ಮಾತು ಕಚೇರಿಯಲ್ಲಿ ಹತ್ತು ವರ್ಷ ಓಡಾಡಿತು. ತಮ್ಮ, ತಮ್ಮನ ಹೆಂಡತಿ, ಅವರ ಇಬ್ಬರು ಮಕ್ಕಳ ಜೊತೆ ಗಿರಣಿಯ ಹಿಂದಿನ ಸಾಲಿನ ಎರಡು ಬಾಡಿಗೆ ಕೋಣೆಗಳಲ್ಲಿ ಆಕೆಯ ವಾಸ.

ಆಕೆಗೆ ಕೆಲಸ ಕಲಿಸಿದವರು ಆ ಕಾಲದ ಹಿರಿಯ ನಕ್ಷೆಗಾರರು. ಅವರ ಮೇಜಿನ ಖಾನೆಯಲ್ಲಿ ಒಂದು ಪುಟ್ಟ ಡಬ್ಬಿ ತುಂಬ ಸಾಸಿವೆ ಇರುತ್ತಿತ್ತು. ಕೆಲಸಕ್ಕೆ ಸೇರಿದ ಎರಡನೇ ದಿನವೇ ಅದರಿಂದ ಒಂದು ಕಾಳು ತೆಗೆದು ಹಾಳೆಯ ಮೇಲಿಟ್ಟು ಹೇಳಿದ್ದರು: "ನೋಡಮ್ಮ, ಈ ನಕ್ಷೆಯಲ್ಲಿ ಒಂದು ಸಾಸಿವೆ ಅಂದ್ರೆ ನೆಲದ ಮೇಲೆ ನೂರು ಹೆಜ್ಜೆ. ಕಾಳಿನ ಅಡಿ ಮುಚ್ಚಿಹೋಗೋದನ್ನ ಬರೀಬೇಡ. ಎಲ್ಲ ಬರೀತಾ ಹೋದ್ರೆ ನಕ್ಷೆ ಆಗಲ್ಲ, ಇರುವೆ ಗೂಡಾಗುತ್ತೆ." ಆಕೆ ಆ ಮಾತನ್ನು ಒಂದು ದಿನವೂ ಮೀರಲಿಲ್ಲ. ಕಣ್ಣಳತೆಯಲ್ಲೇ ಗೊತ್ತಾಗುತ್ತಿದ್ದರೂ ಕಾಳನ್ನು ಇಟ್ಟೇ ನೋಡುತ್ತಿದ್ದಳು.

ಆ ವರ್ಷ ಇಡೀ ಸೀಮೆಗೆ ಹೊಸ ಯೋಜನೆ ಸಿದ್ಧವಾಗುತ್ತಿತ್ತು. ಮುಂದಿನ ಇಪ್ಪತ್ತು ವರ್ಷ ಎಲ್ಲಿ ಮನೆ ಏಳಬಹುದು, ಎಲ್ಲಿ ಕಾರ್ಖಾನೆ ಬರಬಹುದು, ಯಾವ ನೆಲವನ್ನು ಮುಟ್ಟಲೇಬಾರದು ಎಂಬುದನ್ನು ಒಂದೇ ಹಾಳೆಯಲ್ಲಿ ಬಣ್ಣದಿಂದ ಹೇಳುವ ನಕ್ಷೆ. ಹಳದಿ ಎಂದರೆ ಮನೆ. ಹಸಿರು ಎಂದರೆ ಕಾಡು. ನೀಲಿ ಎಂದರೆ ನೀರು. ನೀಲಿಯ ಸುತ್ತ ಐವತ್ತು ಹೆಜ್ಜೆ ಯಾರೂ ಗುದ್ದಲಿ ಹಾಕುವಂತಿಲ್ಲ. ಆ ಯೋಜನೆ ಮಾಡಿದವರು ಕೆಟ್ಟವರೇನಲ್ಲ. ಗಿರಣಿ ಸಾಲಿನಲ್ಲಿ ಒಂದೊಂದು ಕೋಣೆಗೆ ಆರೇಳು ಜನ ಮಲಗುತ್ತಿದ್ದರು, ಅವರಿಗೆ ಮನೆ ಬೇಕಿತ್ತು. ಊರಿನ ಉತ್ತರಕ್ಕಿದ್ದ ಹುಲ್ಲಿನ ಇಳಿಜಾರು ಖಾಲಿಯಾಗಿ ಕಾಣುತ್ತಿತ್ತು. ಅಲ್ಲಿ ಆರುನೂರು ನಿವೇಶನ ಎಂದು ತೀರ್ಮಾನವಾಯಿತು. ಚೀಟಿ ಎತ್ತಿದರು. ಗೆರೆ ಅಕ್ಕನ ತಮ್ಮನ ಹೆಸರು ಬಂತು, ನಿವೇಶನ ಇನ್ನೂರ ಹದಿನಾಲ್ಕು.

ತಮ್ಮ ಗಾರೆ ಮೇಸ್ತ್ರಿ. ಊರಿನ ಅರ್ಧ ಮನೆಗಳ ತಳಪಾಯ ಅವನ ಕೈಯದು. ಸ್ವಂತಕ್ಕೆ ಒಂದು ಗೋಡೆ ಇರಲಿಲ್ಲ. ಹೆಸರು ಬಂದ ವಾರ ಅವನೂ ಹೆಂಡತಿಯೂ ಇಳಿಜಾರಿಗೆ ಹೋಗಿ, ಹುಲ್ಲಿನ ಮೇಲೆ ಹೆಜ್ಜೆ ಹಾಕಿ ಅಡುಗೆಮನೆ ಅಳೆದು ಬಂದಿದ್ದರು. "ಕಿಟಕಿ ಪೂರ್ವಕ್ಕೆ" ಎಂದಳಂತೆ ಅವಳು. "ಮೊದಲು ಗೋಡೆ ಬರಲಿ ಮಾರಾಯ್ತಿ" ಎಂದನಂತೆ ಅವನು.

ಕರಡು ನಕ್ಷೆಯನ್ನು ಕಚೇರಿಯ ಮೊಗಸಾಲೆಯ ಗೋಡೆಗೆ ಅಂಟಿಸಿದರು. ಮೂವತ್ತು ದಿನ ಯಾರು ಬೇಕಾದರೂ ಬಂದು ನೋಡಿ ತಕರಾರು ಬರೆದುಕೊಡಬಹುದು. ಎಂಟನೆಯ ದಿನ ಸೋಪಜ್ಜಿ ಬಂದಳು, ಜೊತೆಗೆ ಇನ್ನಿಬ್ಬರು ಹೆಂಗಸರು.

ಸೋಪಜ್ಜಿ ಒಗೆಯುವವರ ಬೀದಿಯ ಹಿರಿಯಳು. ಇಳಿಜಾರಿನ ಬುಡದಲ್ಲೇ ಆ ಬೀದಿ. ಮೂವತ್ತು ಮನೆ, ಹತ್ತೊಂಬತ್ತು ಕಲ್ಲಿನ ತೊಟ್ಟಿ. ಆಸ್ಪತ್ರೆಯ ಹಾಸುಬಟ್ಟೆ, ವಸತಿಗೃಹಗಳ ಪರದೆ, ಗಿರಣಿಯ ಅಧಿಕಾರಿಗಳ ಅಂಗಿ ಎಲ್ಲ ಬಿಳಿಯಾಗುತ್ತಿದ್ದುದು ಅಲ್ಲಿ. ಇಳಿಜಾರಿನ ಮೇಲಿನ ಸಣ್ಣ ಸಣ್ಣ ಒರತೆ ಗುಂಡಿಗಳು ತುಂಬಿ, ಹುಲ್ಲಿನ ನಡುವೆ ಜಿನುಗಿ, ಕಾಲುವೆಗೂಡಿ ತೊಟ್ಟಿಗೆ ಬೀಳುತ್ತಿತ್ತು ಆ ನೀರು. ಊರಿನ ನಲ್ಲಿ ನೀರು ಗಡಸು, ಎಷ್ಟು ತಿಕ್ಕಿದರೂ ನೊರೆ ಏಳದು. ಗೆರೆ ಅಕ್ಕನ ತಾಯಿ ಅದೇ ಬೀದಿಯ ಏಳನೇ ತೊಟ್ಟಿಯಲ್ಲಿ ಒಗೆದು ಇಬ್ಬರು ಮಕ್ಕಳನ್ನು ಸಾಕಿದವಳು. ತಾಯಿ ಜ್ವರ ಬಂದು ಮಲಗಿದ ದಿನಗಳಲ್ಲಿ ಆ ಮಕ್ಕಳು ಸೋಪಜ್ಜಿಯ ಮನೆಯಲ್ಲಿ ಉಂಡಿದ್ದರು.

"ನಮ್ಮ ಬೀದಿ ಎಲ್ಲಿದ್ಯೇ ಇದರಲ್ಲಿ?" ಎಂದಳು ಸೋಪಜ್ಜಿ.

"ಇಲ್ಲಿದೆ ನೋಡಿ ಅಜ್ಜಿ." ಗೆರೆ ಅಕ್ಕ ಪೆನ್ಸಿಲಿನ ಹಿಂಬದಿಯಿಂದ ತೋರಿಸಿದಳು.

"ಇಷ್ಟೇನಾ? ಮೂವತ್ತು ಮನೆ, ಅಷ್ಟು ತೊಟ್ಟಿ, ನನ್ನ ಸೊಸೆ ಬಾಯಿ, ಎಲ್ಲ ಇಷ್ಟರಲ್ಲೇ ಹಿಡಿಸಿಬಿಟ್ಯಾ?"

ಜೊತೆಗೆ ಬಂದವರು ನಕ್ಕರು. ಸೋಪಜ್ಜಿಯ ಬೆರಳು ಬೀದಿಯಿಂದ ಮೇಲೆ ಹತ್ತಿತು. ಸುಣ್ಣ, ಸೋಡಾಗಳಲ್ಲಿ ನೆನೆದು ನೆನೆದು ರೇಖೆಗಳೇ ಅಳಿಸಿಹೋದ ಬೆರಳು. ಹಳದಿಯ ಮೇಲೆ ಅತ್ತ ಇತ್ತ ಸುಳಿದಾಡಿ ನಿಂತಿತು.

"ಮೇಲೆ ನಮ್ಮ ನೀರು ಎಲ್ಲಿ? ಬರೀ ಹಳದಿ ಇದ್ಯಲ್ಲ. ನೀಲಿ ಮುಗಿದುಹೋಗಿತ್ತಾ?"

ಗೆರೆ ಅಕ್ಕ ಬಗ್ಗಿ ಆ ಹಳದಿಯನ್ನು ಹತ್ತಿರದಿಂದ ನೋಡಿದಳು.

ಅವರನ್ನು ಬೆಂಚಿನ ಮೇಲೆ ಕೂರಿಸಿ ಒಳಗೆ ಹೋಗಿ, ಅಳತೆಯವರು ತಂದುಕೊಟ್ಟ ಪುಸ್ತಕವನ್ನು ಬೀರುವಿನಿಂದ ತೆಗೆದಳು. ಅದರಲ್ಲಿ ಎಲ್ಲ ಇತ್ತು. ಒರತೆ ಗುಂಡಿ ಒಂದು, ಅಗಲ ಹನ್ನೆರಡು ಹೆಜ್ಜೆ. ಒರತೆ ಗುಂಡಿ ಎರಡು, ಅಗಲ ಏಳು ಹೆಜ್ಜೆ. ಹೀಗೆ ನಲವತ್ತೊಂದು. ಪ್ರತಿಯೊಂದರ ಎದುರಿಗೂ ಕೆಂಪು ಪೆನ್ಸಿಲಿನಲ್ಲಿ ಒಂದು ಪುಟ್ಟ ಅಡ್ಡಗೀಟು. ಬಿಡಲಾಗಿದೆ ಎಂದು ಅದರ ಅರ್ಥ. ಆ ಅಡ್ಡಗೀಟುಗಳೆಲ್ಲ ಅವಳವೇ. ಪ್ರತಿಯೊಂದಕ್ಕೂ ಕಾಳು ಇಟ್ಟು ನೋಡಿದ್ದಳು, ಪ್ರತಿಯೊಂದೂ ಕಾಳಿನ ಅಡಿಯಲ್ಲಿ ಮುಚ್ಚಿಹೋಗಿತ್ತು. ಆ ಪುಟ ತಿರುವುವಾಗ ತನ್ನ ತಾಯಿಯ ತೊಟ್ಟಿಯ ನೀರು ಇದೇ ಎಂದು ಹೊಳೆದಿರಲೇ ಇಲ್ಲ. ಮೇಜಿನ ಮುಂದೆ ಕೂತಾಗ ಅವಳಿಗೆ ಅಂಕಿ ಕಾಣುತ್ತಿತ್ತು, ನೀರು ಕಾಣುತ್ತಿರಲಿಲ್ಲ.

ಯೋಜನಾಧಿಕಾರಿ ಸಭ್ಯ ಮನುಷ್ಯ. ಅವಳು ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡರು.

"ಹಾವು ಸಾಯಬೇಕು, ಕೋಲು ಮುರೀಬಾರದು ಅಂತ ಆರು ವರ್ಷ ಕೂತು ಮಾಡಿದ ಯೋಜನೆ ಅಕ್ಕ ಇದು. ನಿಯಮ ಎಲ್ಲರಿಗೂ ಒಂದೇ. ಇವರ ಗುಂಡಿ ಬರೆದ್ರೆ ನಾಳೆ ಇಡೀ ಸೀಮೆಯವರು ತಮ್ಮ ತಮ್ಮ ಗುಂಡಿ ಹಿಡ್ಕೊಂಡು ಬರ್ತಾರೆ."

"ಬಾವಿ ಬರೀತೀವಲ್ಲ ಸಾರ್. ಬಾವಿ ಗುಂಡಿಗಿಂತ ಚಿಕ್ಕದು."

"ಬಾವಿಗೆ ಚಿಹ್ನೆ ಇದೆ. ಅಳತೆ ಎಷ್ಟೇ ಇರಲಿ, ಕಟ್ಟೆ ಇದ್ದರೆ ಬಾವಿ, ಚಿಹ್ನೆ ಹಾಕ್ತೀವಿ. ಕಟ್ಟೆ ಇಲ್ಲದಿದ್ದರೆ ಗುಂಡಿ. ಇದನ್ನ ನಾನು ನಿಮಗೆ ಹೇಳಬೇಕಾ? ನೀವೇ ಅಲ್ವಾ ಹೊಸಬರಿಗೆ ಪಾಠ ಮಾಡೋದು." ಅವರು ಕನ್ನಡಕ ತೆಗೆದು ಒರೆಸಿದರು. "ತಕರಾರು ಬರೆದುಕೊಡಲಿ. ಅವಧಿ ಮುಗಿದ ಮೇಲೆ ಅಳತೆಯವರನ್ನ ಇನ್ನೊಂದು ಸಲ ಕಳಿಸ್ತೀನಿ. ಅವರು ಏನು ನೋಡ್ತಾರೋ ಅದನ್ನ ಬರೀರಿ. ಅದಕ್ಕಿಂತ ಹೆಚ್ಚು ನನ್ನ ಕೈಲಿಲ್ಲ."

ಅವಧಿ ಮುಗಿಯಲು ಇಪ್ಪತ್ತೆರಡು ದಿನ ಇತ್ತು.

ಅವಳು ಮನೆಗೆ ಹೋಗುವ ದಾರಿಯುದ್ದಕ್ಕೂ ಲೆಕ್ಕ ಹಾಕಿದಳು. ಅಳತೆಯವರು ಬರುವ ಮುಂಚೆ ಗುಂಡಿಗಳಿಗೆಲ್ಲ ಕಟ್ಟೆ ಕಟ್ಟಿಬಿಟ್ಟರೆ, ನಲವತ್ತೊಂದು ಕಟ್ಟೆ. ಸುತ್ತ ಐವತ್ತೈವತ್ತು ಹೆಜ್ಜೆ. ಇಳಿಜಾರಿನ ಮೇಲಿನ ಮೂರನೇ ಒಂದು ಭಾಗ ಹೋಗುತ್ತದೆ, ನಿವೇಶನದಲ್ಲಿ ನೂರ ತೊಂಬತ್ತು. ಇನ್ನೂರ ಹದಿನಾಲ್ಕು ಅದರೊಳಗೇ ಬರುತ್ತದೆ. ಅದರ ಮೂಲೆಯಲ್ಲೇ ಒಂದು ಒರತೆಯಿತ್ತು.

ಮನೆಯಲ್ಲಿ ತಮ್ಮ ಬಾಗಿಲ ಬಳಿ ಕೂತು ಗಾರೆ ಮೆತ್ತಿದ ಕರಣೆ ತೊಳೆಯುತ್ತಿದ್ದ. ಅವಳು ನಿಂತುಕೊಂಡೇ ಎಲ್ಲ ಹೇಳಿದಳು. ಕೂತು ಹೇಳುವ ಧೈರ್ಯ ಬರಲಿಲ್ಲ.

ತಮ್ಮ ಕರಣೆಯನ್ನು ಒರೆಸಿಟ್ಟ. ಆಮೇಲೆ ಅಂದ: "ನನ್ನ ಮನೇನ ನನ್ನ ಕೈಲೇ ಕೆಡವಿಸ್ತೀಯ. ಅದೂ ಕಟ್ಟೋಕೆ ಮುಂಚೆ. ಇಂಥ ಕೆಲಸ ನನಗೂ ಇದೇ ಮೊದಲು ಅಕ್ಕ."

ಒಳಗಿನಿಂದ ಅವನ ಹೆಂಡತಿ ಬಂದಳು. ಅವಳು ಗಿರಣಿಯಲ್ಲಿ ನೂಲು ಸುತ್ತುವವಳು, ಯಂತ್ರದ ಸದ್ದಿನಲ್ಲಿ ಮಾತಾಡಿ ಮಾತಾಡಿ ದನಿ ದೊಡ್ಡದು. ಅವತ್ತು ಮಾತ್ರ ಮೆಲ್ಲಗೆ ಕೇಳಿದಳು. "ಅಕ್ಕ, ಹದಿಮೂರು ವರ್ಷದಿಂದ ನಾನು ಈ ಪರದೆ ಹಿಂದೆ ಬಟ್ಟೆ ಬದಲಾಯಿಸ್ತಿದ್ದೀನಿ. ನಿಮಗೆ ಗೊತ್ತು ತಾನೆ?"

"ಗೊತ್ತಮ್ಮ."

"ಗೊತ್ತಿದ್ದೂ ಬಂದು ಹೇಳ್ತಿದ್ದೀರ."

"ತಪ್ಪು ನನ್ನದು. ನಾನು ಮೊದಲೇ ಬರೆದಿದ್ರೆ ಆ ಜಾಗದಲ್ಲಿ ಚೀಟೀನೇ ಎತ್ತುತ್ತಿರಲಿಲ್ಲ. ಆಸೆಯೂ ಹುಟ್ಟುತ್ತಿರಲಿಲ್ಲ."

"ಆಸೆ ಹುಟ್ಟಿ ನಾಲ್ಕು ತಿಂಗಳಾಯ್ತು. ಈಗ ಅದನ್ನ ಎಲ್ಲಿ ಇಡಲಿ ಹೇಳಿ" ಎಂದು ಅವಳು ಒಳಗೆ ಹೋದಳು.

ಮರುದಿನ ತಮ್ಮ ಒಬ್ಬನೇ ಇಳಿಜಾರಿಗೆ ಹೋದ. ಬಂದವನು ಅಕ್ಕನ ಮುಖ ನೋಡದೆ ಹೇಳಿದ: "ಅಡುಗೆಮನೆ ಅಂತ ಅಳೆದಿದ್ದ ಕಡೆ ಕಾಲಿಟ್ಟೆ. ಹಿಮ್ಮಡಿ ತನಕ ಹೂತುಹೋಯ್ತು. ಅಲ್ಲಿ ಕಟ್ಟಿದ್ರೆ ಮೂರು ಮಳೆಗಾಲಕ್ಕೆ ಗೋಡೆ ಬಾಯಿ ಬಿಡುತ್ತೆ. ಕೆಳಗೆ ಸೋಪಜ್ಜಿ ತೊಟ್ಟಿ ಕಟ್ಟೆ ಮೇಲೆ ಕೂತಿದ್ಲು. ಏನೂ ಕೇಳಲಿಲ್ಲ. ಕೇಳಿದ್ರೆ ಬೈದು ಬರ್ತಿದ್ದೆ. ಕೇಳದೇ ಇದ್ದಿದ್ದೇ ಕಷ್ಟ ಆಯ್ತು." ಕಾಲಿನ ಕೆಸರು ತೊಳೆದುಕೊಂಡು, "ನಾಳೆಯಿಂದ ಶುರು ಮಾಡ್ತೀನಿ" ಎಂದ.

ಇದು ಮೋಸವೋ ಎಂಬ ಪ್ರಶ್ನೆ ಗೆರೆ ಅಕ್ಕನನ್ನು ಕಾಡಿತು. ಸುಳ್ಳು ಚಿಹ್ನೆ ಬರೆಯುವ ಕೈ ಅವಳದಲ್ಲ. ಆದರೆ ಕಟ್ಟೆ ನಿಜವಾಗಿಯೂ ಇರುತ್ತದೆ, ಅಳತೆಯವರು ಕಣ್ಣಾರೆ ನೋಡುತ್ತಾರೆ. ನಿಯಮ ಕೇಳುವುದೂ ಅಷ್ಟನ್ನೇ. ಹೀಗೆ ತನಗೆ ತಾನೇ ಹೇಳಿಕೊಂಡು ಸಮಾಧಾನ ಮಾಡಿಕೊಂಡಳು.

ಒಗೆಯುವವರ ಬೀದಿಗೆ ಬೀದಿಯೇ ಇಳಿಜಾರು ಹತ್ತಿತು. ಬೆಳಿಗ್ಗೆ ಬಟ್ಟೆ ಒಗೆದು ಹರವಿ, ಮಧ್ಯಾಹ್ನ ಕಲ್ಲು ಹೊತ್ತರು. ಕ್ವಾರಿಯಲ್ಲಿ ಬಿಸಾಡಿದ ಚೂರುಕಲ್ಲು ಬುಟ್ಟಿ ಬುಟ್ಟಿಯಾಗಿ ಮೇಲೆ ಬಂತು. ತಮ್ಮನ ಜೊತೆ ಕೆಲಸ ಮಾಡುವ ಇಬ್ಬರು ಮೇಸ್ತ್ರಿಗಳು ಸ್ನೇಹಕ್ಕೆ ಬಂದರು. ಮಳೆಗಾಲ. ಮೂರು ಗಂಟೆಯಾದರೆ ಸಾಕು, ದಿನವೂ ಮಳೆ. ಗೋಣಿ ಹೊದ್ದುಕೊಂಡೇ ಗಾರೆ ಕಲಸಿದರು.

ತಮ್ಮನ ಕೆಲಸ ಊರಿಗೇ ಗೊತ್ತು, ಅವನು ಹೇಗಾದರೂ ಆಗಲಿ ಎನ್ನುವವನಲ್ಲ. ಒರತೆಯ ಕಣ್ಣಿನ ಸುತ್ತ ಎರಡು ಮಾರು ಅಗಲದ ವೃತ್ತ ಎಳೆದು, ತಳಪಾಯ ತೋಡುತ್ತಿದ್ದ. ಒಂದು ಮೊಳ ಹೋಗುವಷ್ಟರಲ್ಲಿ ಬೂದುಬಣ್ಣದ ಅಂಟು ಜೇಡಿ ಸಿಗುತ್ತಿತ್ತು, ಗೇಣುದ್ದದ ಪದರ. ಜೊತೆಯ ಮೇಸ್ತ್ರಿ, "ಸಾಕು ಬಿಡಪ್ಪ, ಅರಮನೆ ಕಟ್ಟಲ್ಲ ನೀನು" ಎಂದರೆ, "ಜೇಡಿ ಮೇಲೆ ಕಟ್ಟಿದ ಗೋಡೆ, ಕುಡುಕ ಕೊಟ್ಟ ಮಾತು, ಎರಡೂ ಒಂದೇ" ಎಂದು ಅದನ್ನೂ ಕಡಿದು, ಕೆಳಗಿನ ಗಟ್ಟಿ ಕಲ್ಲುಮಣ್ಣಿನ ಗರಸು ಸಿಗುವವರೆಗೆ ಇಳಿಯುತ್ತಿದ್ದ. ಅಲ್ಲಿಂದ ಕಲ್ಲು ಕೂರಿಸಿ, ಗಾರೆ ತುಂಬಿ, ಮೊಣಕಾಲೆತ್ತರಕ್ಕೆ ಕಟ್ಟೆ ಎಬ್ಬಿಸುತ್ತಿದ್ದ. ನೀರು ಹೊರಹರಿಯಲೆಂದು ಪ್ರತಿ ಕಟ್ಟೆಗೂ ತಗ್ಗಿನ ಕಡೆಗೆ ಒಂದು ಬಾಯಿ ಬಿಟ್ಟಿದ್ದ. ಗೆರೆ ಅಕ್ಕ ಸಂಜೆ ಬಂದು ನೋಡಿ, ಅದರ ದುಂಡು ಕಂಡು, "ಕೈವಾರದಲ್ಲಿ ಎಳೆದ ಹಾಗಿದೆ" ಎಂದಳು. ಅವಳ ಬಾಯಿಂದ ಅದಕ್ಕಿಂತ ದೊಡ್ಡ ಹೊಗಳಿಕೆ ಇರಲಿಲ್ಲ.

ಮೂವತ್ತೈದು ಕಟ್ಟೆ ಮುಗಿದಿತ್ತು. ಕೆಲಸದ ಇಪ್ಪತ್ತನೇ ದಿನ ತಮ್ಮನಿಗೆ ಸುಣ್ಣ ತಾಗಿ ಎರಡೂ ಅಂಗೈ ಸುಲಿದು, ಕರಣೆ ಹಿಡಿಯಲಾಗಲಿಲ್ಲ. ಜೊತೆಯ ಮೇಸ್ತ್ರಿಗಳಿಗೆ ಬೇರೆ ಕಡೆ ಕರೆ ಬಂದು ಹೊರಟರು. ಉಳಿದ ಆರನ್ನು ಹೆಂಗಸರೇ ಎರಡು ದಿನದಲ್ಲಿ ಕಟ್ಟಿದರು. ತಳಪಾಯವೂ ಇಲ್ಲ, ಏನೂ ಇಲ್ಲ. ಹುಲ್ಲಿನ ಮೇಲೇ ಕಲ್ಲು ಪೇರಿಸಿ, ಸಂದಿಗೆ ಕೆಸರು ಮೆತ್ತಿದರು. ತಮ್ಮ ಕೈಗೆ ಬಟ್ಟೆ ಸುತ್ತಿಕೊಂಡು ಬಂದು ನೋಡಿ ಮುಖ ಹಿಂಡಿದ.

"ಅಜ್ಜಿ, ಇದು ಕಟ್ಟೆಯಾ, ಕೋಳಿಗೂಡಾ? ನಾನು ಕಟ್ಟಿದ್ದು ಅಂತ ಯಾರಿಗೂ ಹೇಳಬೇಡಿ."

"ನೀನು ಕಟ್ಟಿದ್ದು ಅಂದ್ರೂ ಯಾರೂ ನಂಬಲ್ಲ ಬಿಡಪ್ಪ" ಎಂದಳು ಸೋಪಜ್ಜಿ.

ಅಳತೆಯವರು ಬಂದರು. ಎಣಿಸಿದರು. ನಲವತ್ತೊಂದು ಕಟ್ಟೆ, ನಲವತ್ತೊಂದು ಬಾವಿ. ಗೆರೆ ಅಕ್ಕ ಹಳದಿಯನ್ನು ಬ್ಲೇಡಿನಿಂದ ನಯವಾಗಿ ಕೆರೆದು, ಒಂದೊಂದಾಗಿ ನೀಲಿ ವೃತ್ತ ಬರೆದು, ನಡುವೆ ಚುಕ್ಕೆ ಇಟ್ಟಳು. ಪ್ರತಿಯೊಂದಕ್ಕೂ ಉಸಿರು ಹಿಡಿದಳು. ಯೋಜನೆ ಮಂಜೂರಾಯಿತು. ಇಳಿಜಾರಿನ ಮೇಲ್ಭಾಗದಲ್ಲಿ ಕಬ್ಬಿಣದ ಫಲಕಗಳು ಬಂದವು: ಸಂರಕ್ಷಿತ ಜಲಮೂಲ, ಅಗೆಯುವುದು ನಿಷಿದ್ಧ.

ನೂರ ತೊಂಬತ್ತು ಕುಟುಂಬಗಳಿಗೆ ನಿವೇಶನ ರದ್ದಾದ ಕಾಗದ ಬಂತು. ಗಿರಣಿ ಸಾಲಿನಲ್ಲಿ ತಮ್ಮನನ್ನು ಮಾತಾಡಿಸುವವರು ಕಡಿಮೆಯಾದರು. ಒಬ್ಬ ಅವನಿಗೆ ಕೇಳುವ ಹಾಗೇ ಹೇಳಿದ: "ಅಕ್ಕ ಕಾಗದದ ಮೇಲೆ ಗುಳುಂ ಮಾಡಿದಳು, ತಮ್ಮ ನೆಲದ ಮೇಲೆ ಗಾರೆ ಹಾಕಿ ಮುಚ್ಚಿದ." ತಮ್ಮ ಕೆಲಸಕ್ಕೆ ನಡೆದ. ಅವನ ಹೆಂಡತಿ ಗೆರೆ ಅಕ್ಕನಿಗೆ ಚಹಾ ಕೊಡುತ್ತಿದ್ದಳು, ಬಟ್ಟೆ ಮಡಚಿಡುತ್ತಿದ್ದಳು, ಮಾತು ಮಾತ್ರ ಆಡುತ್ತಿರಲಿಲ್ಲ. ಎರಡು ಕೋಣೆಯ ಮನೆಯಲ್ಲಿ ಮಾತಾಡದೆ ಇರುವುದು ಸುಲಭದ ಕೆಲಸವಲ್ಲ. ಅವಳು ಅದನ್ನು ಅಚ್ಚುಕಟ್ಟಾಗಿ ಮಾಡಿದಳು.

ಮಳೆ ನಿಂತು ಎರಡು ತಿಂಗಳಾದ ಮೇಲೆ ಸೋಪಜ್ಜಿ ಹೇಳಿಕಳಿಸಿದಳು. ಅಕ್ಕ ತಮ್ಮ ಇಬ್ಬರೂ ಹೋದರು. ಹತ್ತೊಂಬತ್ತು ತೊಟ್ಟಿಗಳಲ್ಲಿ ಹದಿನಾರರ ತಳ ಕಾಣುತ್ತಿತ್ತು. ಬಟ್ಟೆ ಬೇಯಿಸುವ ಹಬೆಯ ಹಂಡೆಗಳು ತಣ್ಣಗಿದ್ದವು. ಏಳನೇ ತೊಟ್ಟಿಯ ಅಂಚಿನಲ್ಲಿ ಒಣಗಿದ ಸೋಪಿನ ಬಿಳಿ ಪೊರೆ.

"ಬೇಸಿಗೆ ಇನ್ನೂ ಶುರುವಾಗಿಲ್ಲ" ಎಂದಳು ಸೋಪಜ್ಜಿ. "ಅರವತ್ತು ವರ್ಷದಲ್ಲಿ ಇದು ಬತ್ತಿದ್ದು ನಾನು ನೋಡಿಲ್ಲ ಮಗಾ. ಮೇಲೆ ಹೋಗಿ ನೋಡು."

ಮೇಲೆ ಮೊದಲ ಕಟ್ಟೆಯೊಳಗೆ ಬಿರುಕುಬಿಟ್ಟ ಕೆಸರು. ಎರಡನೆಯದರಲ್ಲೂ ಅದೇ, ಮೂರನೆಯದರಲ್ಲೂ ಅದೇ. ಕಟ್ಟೆಗಳು ಮಾತ್ರ ಒಂದು ಕಲ್ಲೂ ಸರಿಯದೆ ದುಂಡಗೆ ಕೂತಿದ್ದವು. ಮಳೆಗಾಲದಲ್ಲಿ ಮೇಲಿಂದ ಬಿದ್ದ ನೀರೇ ತುಂಬಿಕೊಂಡಿದ್ದರಿಂದ ಯಾರಿಗೂ ಗೊತ್ತಾಗಿರಲಿಲ್ಲ. ಮೂವತ್ತೈದನ್ನೂ ನೋಡಿ ಮುಗಿಸಿ, ಕೊನೆಯ ಆರರ ಹತ್ತಿರ ಬಂದರು. ಹೆಂಗಸರು ಪೇರಿಸಿದ ಕಲ್ಲುಗಳಲ್ಲಿ ಅರ್ಧ ಉರುಳಿದ್ದವು. ನಡುವೆ ನೀರು ತುಳುಕುತ್ತಿತ್ತು. ಅಂಚಿನಲ್ಲಿ ಒಂದು ಕಪ್ಪೆ ಇತ್ತು, ಇವರನ್ನು ಕಂಡು ಒಳಗೆ ಹಾರಿತು.

ತಮ್ಮ ಅಲ್ಲೇ ಕುಕ್ಕರುಗಾಲಲ್ಲಿ ಕೂತ. ನೀರಿನೊಳಗೆ ಮೊಣಕೈವರೆಗೆ ತೋಳು ಇಳಿಸಿ ತಳವನ್ನು ಸವರಿದ.

"ಜೇಡಿ" ಎಂದ.

"ಏನದು?"

"ಜೇಡಿ ಅಕ್ಕ. ಅದೇ ತಟ್ಟೆ. ಆ ತಟ್ಟೆ ಮೇಲೆ ನೀರು ನಿಂತಿತ್ತು. ಕೆಳಗೆ ಗರಸು, ಎಷ್ಟು ಸುರಿದ್ರೂ ಕುಡಿಯುತ್ತೆ. ನಾನು ಪ್ರತಿಯೊಂದಕ್ಕೂ ಸುತ್ತಲೂ ತೂತು ಹೊಡೆದೆ. ಇವರು ಹೊಡೀಲಿಲ್ಲ." ಅವನು ಅಂಗೈ ತಿರುಗಿಸಿ ನೋಡಿಕೊಂಡ. ಸುಲಿದಲ್ಲಿ ಹೊಸ ಚರ್ಮ ನಸುಗೆಂಪಾಗಿ ಬಂದಿತ್ತು. "ಸೋಮಾರಿಯಾಗಿದ್ರೆ ಉಳೀತಿತ್ತು" ಎಂದ.

ಗೆರೆ ಅಕ್ಕ ಹಿಂತಿರುಗಿ ಆ ದುಂಡಗಿನ ಕಟ್ಟೆಗಳನ್ನು ನೋಡಿದಳು. ಕಟ್ಟೆ ಕಟ್ಟಿಸಿದವಳು ತಾನು, ಅದು ನಕ್ಷೆಗಾಗಿ ಕಟ್ಟಿದ ಕಟ್ಟೆ. ನೀರಿಗೆ ಕಟ್ಟೆ ಬೇಕಾಗಿರಲಿಲ್ಲ.

ತಳಪಾಯ ಕಿತ್ತು, ಜೇಡಿ ತುಂಬಿ ಬಡಿದು ಧಮ್ಮಸ್ಸು ಮಾಡಿದರೆ ಒಂದಿಷ್ಟು ನಿಲ್ಲಬಹುದು ಎಂದು ತಮ್ಮ ಮರುದಿನವೇ ಹಾರೆ ಹಿಡಿದು ಹೋದ. ಕಾವಲಿನವನು ಫಲಕ ತೋರಿಸಿ ತಡೆದ. ಗೆರೆ ಅಕ್ಕ ಅನುಮತಿಗೆ ಅರ್ಜಿ ಬರೆದಳು. ತನ್ನ ಕಚೇರಿಗೇ, ತನ್ನ ಮೇಜಿನಿಂದ ಹತ್ತು ಹೆಜ್ಜೆ ದೂರದ ಮೇಜಿಗೆ. ಆರು ವಾರಕ್ಕೆ ಉತ್ತರ ಬಂತು. ಸಂರಕ್ಷಿತ ಜಲಮೂಲದ ಐವತ್ತು ಹೆಜ್ಜೆಯೊಳಗೆ ಯಾವ ಅಗೆತಕ್ಕೂ ಅವಕಾಶವಿಲ್ಲ.

ಆಸ್ಪತ್ರೆಯ ಹಾಸುಬಟ್ಟೆ ಬೇರೆ ಊರಿನ ಯಂತ್ರಕ್ಕೆ ಹೋಯಿತು. ಬೀದಿಯಲ್ಲಿ ಹದಿನೆಂಟು ಮನೆಗಳಿಗೆ ಬೀಗ ಬಿತ್ತು. ಉಳಿದವರು ಮೂರು ತೊಟ್ಟಿಗಳಲ್ಲಿ ಸರದಿ ಹಾಕಿಕೊಂಡು ಒಗೆದರು. ಆ ಮೂರಕ್ಕೆ ಬರುತ್ತಿದ್ದುದು ಆ ಆರು ಗುಂಡಿಗಳ ನೀರು. ಸೋಪಜ್ಜಿ ಮಗಳ ಊರಿಗೆ ಹೊರಟಳು. ಹೊರಡುವ ಮುಂಚೆ ತಮ್ಮನ ತಲೆಯ ಮೇಲೆ ಕೈ ಇಟ್ಟಳು. "ನಿನ್ನ ಮನೇನೂ ಹೋಯ್ತು, ನಮ್ಮ ನೀರೂ ಹೋಯ್ತು. ಯಾರು ಯಾರಿಗೆ ಬೈಯೋದು ಮಗಾ" ಎಂದಳು.

ವರ್ಷ ತುಂಬಿದಾಗ ಪರಿಶೀಲನೆಯ ನಮೂನೆ ಬಂತು. ಸಂರಕ್ಷಿತವಾದುದು ಇನ್ನೂ ಇದೆಯೋ ಇಲ್ಲವೋ ನೋಡಿ ತುಂಬಬೇಕು. ಕೈಕಾಲು ಗಟ್ಟಿಯಿದ್ದ ಅಳತೆಯವರೆಲ್ಲ ಹೆದ್ದಾರಿಯ ಕೆಲಸಕ್ಕೆ ಹೋಗಿದ್ದರು. ಅಧಿಕಾರಿ ಅದನ್ನು ಗೆರೆ ಅಕ್ಕನ ಮೇಜಿನ ಮೇಲಿಟ್ಟರು. ಅರ್ಧಕ್ಕಿಂತ ಹೆಚ್ಚು ಬತ್ತಿದೆ ಎಂದು ಷರಾ ಬಂದರೆ ಇಡೀ ವಲಯದ ಸಂರಕ್ಷಣೆ ರದ್ದು, ನಿವೇಶನಗಳು ಮೊದಲಿನವರಿಗೇ ವಾಪಸು ಎಂದು ಕೆಳಗೆ ಅಚ್ಚಾಗಿತ್ತು.

ಆ ಸಂಜೆ ತಮ್ಮನ ಹೆಂಡತಿ ವರ್ಷದಲ್ಲಿ ಮೊದಲ ಬಾರಿ ಅವಳ ಎದುರಿಗೆ ಬಂದು ಕೂತಳು. ಸುದ್ದಿ ಗಿರಣಿ ಸಾಲಿಗೆ ಮುಟ್ಟಿತ್ತು.

"ಅಕ್ಕ, ನೀವು ಸುಳ್ಳು ಬರೆಯೋರಲ್ಲ. ಅದು ನನಗೆ ಗೊತ್ತು. ಮೂವತ್ತೈದು ಬತ್ತಿದೆ. ಬತ್ತಿದೆ ಅಂತ ಬರೀರಿ. ನಾನು ಬೇರೇನೂ ಕೇಳ್ತಿಲ್ಲ, ಇರೋದನ್ನೇ ಬರೀರಿ ಅಂತೀನಿ."

"ಆರು ಉಳಿದಿದೆಯಮ್ಮ. ಮೇಲೆ ಮನೆ ಬಂದ್ರೆ ಅದೂ ಹೋಗುತ್ತೆ. ಹನ್ನೆರಡು ಮನೆ ಅದನ್ನೇ ನಂಬಿದೆ."

"ಇತ್ತ ನೂರ ತೊಂಬತ್ತು ಮನೆ. ಲೆಕ್ಕ ನೀವೇ ಬಲ್ಲವರು."

ಗೆರೆ ಅಕ್ಕ ತಮ್ಮನ ಕಡೆ ನೋಡಿದಳು. ಅವನು ಗೋಡೆಗೆ ಒರಗಿದ್ದ.

"ನನ್ನನ್ನ ಕೇಳಬೇಡ. ನಾನು ಸರಿ ಅಂತ ಮಾಡಿದ್ದು ಏನಾಯ್ತು ನೋಡಿದ್ಯಲ್ಲ. ಒಂದು ಮಾತ್ರ ಹೇಳ್ತೀನಿ. ಮಳೆ ನೀರಿನ ಜೊತೆ ಹೂಳು ಇಳಿದು ಇಳಿದು ಆ ತೂತು ತಾನಾಗೇ ಮುಚ್ಚಿಕೊಂಡ್ರೂ ಮುಚ್ಚಿಕೊಳ್ಳಬಹುದು. ಯಾರೂ ಮುಟ್ಟದೇ ಇದ್ರೆ."

"ಎಷ್ಟು ದಿನ ಬೇಕು?"

"ದಿನ ಅಲ್ಲ. ಹತ್ತು ಮಳೆಗಾಲ ಅಂದ್ಕೋ. ಅದೂ ಬಹುದು ಅಷ್ಟೇ."

ಮರುದಿನ ಅವಳು ನಮೂನೆ ಬಿಚ್ಚಿದಳು. ಕ್ರಮಸಂಖ್ಯೆ ಒಂದು. ಕಟ್ಟೆಯು ಸ್ವಸ್ಥಾನದಲ್ಲಿ ಸುಸ್ಥಿತಿಯಲ್ಲಿ ಇದೆಯೇ? ಇದೆ. ಕ್ರಮಸಂಖ್ಯೆ ಎರಡು. ಇದೆ. ನೀರಿನ ಬಗ್ಗೆ ಕೇಳುವ ಕಾಲಂ ಇರಲಿಲ್ಲ, ಪ್ರತಿ ಸಾಲಿನ ಕೊನೆಯಲ್ಲಿ ಷರಾ ಎಂಬ ಖಾಲಿ ಜಾಗ ಮಾತ್ರ ಇತ್ತು. ಬೇರೆಯವರ ನಮೂನೆಗಳಲ್ಲಿ ಅದು ಖಾಲಿಯೇ ಇರುತ್ತಿತ್ತು, ಅವಳದರಲ್ಲಿ ಎಂದೂ ಇದ್ದುದಿಲ್ಲ. ಒಂದು ಮರಕ್ಕೆ ಗೆದ್ದಲು ಹಿಡಿದಿದ್ದರೂ ಷರಾದಲ್ಲಿ ಬರೆಯುವವಳು ಅವಳು. ಅವತ್ತು ಮೂವತ್ತೈದು ಸಾಲುಗಳಲ್ಲಿ ಲೇಖನಿ ಆ ಜಾಗದ ಮೇಲೆ ನಿಂತು, ಕೆಳಗಿನ ಸಾಲಿಗೆ ಇಳಿಯಿತು. ಕೊನೆಯ ಆರಕ್ಕೆ ಬಂದಾಗ ಕಟ್ಟೆ ಸುಸ್ಥಿತಿಯಲ್ಲಿ ಇರಲಿಲ್ಲ, ಅರ್ಧ ಉರುಳಿತ್ತು. ಅಲ್ಲಿಯೂ ಇದೆ ಎಂದೇ ಬರೆದಳು. ಮೂವತ್ತೆರಡು ವರ್ಷದಲ್ಲಿ ಅವಳ ಕೈಯಿಂದ ಬಂದ ಅಪ್ಪಟ ಸುಳ್ಳು ಆ ಆರೇ, ಅದೂ ನೀರಿದ್ದ ಕಡೆ.

ಅಧಿಕಾರಿ ಹಾಳೆ ತಿರುವಿದರು.

"ಷರಾ ಏನೂ ಇಲ್ವಾ ಅಕ್ಕ?"

"ಇಲ್ಲ ಸಾರ್."

ಅವರು ಪೆನ್ನಿನ ಮುಚ್ಚಳ ತೆಗೆದು, ಹಾಕಿ, ಮತ್ತೆ ತೆಗೆದರು. ಆಮೇಲೆ ಸಹಿ ಮಾಡಿದರು.

ಮನೆಯಲ್ಲಿ ತಮ್ಮನ ಹೆಂಡತಿ ಕೇಳಿದ್ದು ಒಂದೇ ಮಾತು. "ಏನಂತ ಬರೆದ್ರಿ?"

"ಇದೆ ಅಂತ."

ಅವಳು ಕೂಗಾಡಲಿಲ್ಲ. ಎದ್ದು ಹೋಗಿ, ಎರಡು ಕೋಣೆಗಳ ನಡುವಿನ ಪರದೆಯನ್ನು ಎಳೆದುಕೊಂಡಳು. ಅದರಾಚೆಯಿಂದ ಮಕ್ಕಳಿಗೆ ಪಾಠ ಓದಿಸುವ ಅವಳ ದನಿ ಕೇಳಿಸಿತು, ಎಂದಿನಂತೆಯೇ ದೊಡ್ಡದಾಗಿ.

ತಮ್ಮ ಹೊರಗೆ ಮೆಟ್ಟಿಲ ಮೇಲಿದ್ದ. ಅವಳು ಅವನ ಪಕ್ಕ ಕೂತಳು.

"ಇನ್ನೆಷ್ಟು ವರ್ಷ ಇದೆ ನಿನ್ನ ಕೆಲಸ?" ಎಂದ.

"ನಾಲ್ಕು."

"ಆಮೇಲೆ ನಮೂನೆ ತುಂಬೋರು ಯಾರು?"

"ಯಾರೋ ಹೊಸಬರು. ಕೆಲಸ ಗೊತ್ತಿದ್ದೋರೇ ಬರ್ತಾರೆ. ಕಟ್ಟೆ ಒಳಗೆ ಇಣುಕಿ ನೋಡ್ತಾರೆ."

"ನೋಡದೇ ಇರೋ ಅಂಥೋರು ಸಿಗಲ್ವಾ?"

ಗೆರೆ ಅಕ್ಕ ಯೋಚಿಸಿದಳು. ಅವಳ ಕೈಕೆಳಗೆ ಕಲಿಯುತ್ತಿದ್ದವರು ಇಬ್ಬರು. ಇಬ್ಬರೂ ಒಳ್ಳೆಯ ಕೆಲಸಗಾರರು. ಇದ್ದುದನ್ನು ಇದ್ದ ಹಾಗೆ ಬರೆಯುವುದನ್ನು ಅವರಿಗೆ ಕಲಿಸಿದವಳು ಅವಳೇ.

"ಇಲ್ಲ" ಎಂದಳು.